ಸರದಾರನ ಅರ್ಧ ಆಟ

ಕಳೆದ ವಾರ ಪಕ್ಕದ ಮನೆಯವರು ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಹಳೆಯ ಕುರ್ಚಿಗಳಿಗೆ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಲ್‌ಬಾಕ್ಸ್ ನೋಡಲು ಹೊರಟವನು ಹಾಗೆಯೇ ಒಳಗೆ ಬಂದುಬಿಟ್ಟೆ. ಕೆಲವು ವರ್ಷಗಳ ಹಿಂದೆ ಸೈಕಲ್ ಹೆಲ್ಮೆಟ್ಟಿಗೆ ರಟ್ಟು ಅಂಟಿಸಿ, ಮೇಲೆ ಇದೇ ಬಣ್ಣ ಹೊಡೆದು, ಒಬ್ಬರು ಸ್ಪೇನಿನ ಸೈನಿಕನ ಟೊಪ್ಪಿಗೆ ಮಾಡಿಕೊಂಡಿದ್ದರು. ಅಮೆರಿಕದ ಕೆರೊಲೈನಾದಲ್ಲಿರುವ ನಮ್ಮ ಕ್ಯಾರಿ ಊರಿನ ಕನ್ನಡದವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ಕಾಕಾ ಧಾರವಾಡದ ಕಡೆಯವರು. ಇಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ನಾಟಕದ ಹುಚ್ಚು ಮಾತ್ರ ನಿವೃತ್ತಿಯಾಗಿರಲಿಲ್ಲ. ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತೇ ಇರಲಿಲ್ಲ ಎಂದು ಬರೆಯಲು ಹೊರಟೆ… ಆದರೆ ಅದೂ ನಿಜವೋ, ನಾನು ಈಗ ಹಚ್ಚುತ್ತಿರುವ ಬಣ್ಣವೋ ಹೇಳಲಾರೆ. ಕೋವಿಡ್ಡಿನ ಕಾಲದಲ್ಲಿ ಮನೆಯಲ್ಲಿ ಕೂತು ಅವರು ಒಬ್ಬ ಮನುಷ್ಯನ ಹಿಂದೆ ಬಿದ್ದರು. ನಾಲ್ಕು ಶತಮಾನಗಳಿಗೂ ಹಿಂದೆ ಸ್ಪೇನಿನಿಂದ ಹಡಗಿನಲ್ಲಿ ಬಂದ ಬಡ ಸೈನಿಕ ಅವನು. ಕೆರೊಲೈನಾದ ಕರಾವಳಿಯಿಂದ ಕಾಡು ಕಡಿಯುತ್ತ ಬೆಟ್ಟಗಳ ಬುಡದವರೆಗೆ ನಡೆದ. ದಾರಿಯ ಪ್ರತಿ ಊರಿನಲ್ಲೂ ತನ್ನ ರಾಜನಿಗಾಗಿ ಒಂದು ಮನೆ ಕಟ್ಟಿ ಮೆಕ್ಕೆಜೋಳ ತುಂಬಿಡಿ ಎಂದು ಅಪ್ಪಣೆ ಮಾಡಿದ. ಸಾಕಾಯಿತು ಎಂದ ಊರುಗಳನ್ನು ಸುಟ್ಟ. ಅದಕ್ಕೆ ಪ್ರತಿಫಲವಾಗಿ ಗಡಿನಾಡಿನ ಗವರ್ನರ್ ಆದ. ಕಾಕಾ ಅವನ ಹೆಸರು ಹೇಳುತ್ತಿರಲಿಲ್ಲ. ‘ನಮ್ಮ ಸರದಾರ’ ಎನ್ನುತ್ತಿದ್ದರು.

ರಾಜ್ಯೋತ್ಸವಕ್ಕೆ ಅವನ ಮೇಲೆ ಕನ್ನಡ ನಾಟಕ ಆಡಬೇಕೆಂದು ಅವರ ಹಟ. ನಾವು ಇರುವ ನೆಲದ ಕತೆ ನಮಗೆ ಗೊತ್ತಿರಬೇಡವೇ ಎನ್ನುತ್ತಿದ್ದರು. ಆದರೆ ಸರದಾರನ ಪ್ರವೇಶ ನಮ್ಮ ಕಂಪನಿ ನಾಟಕದ ರಾಜನದ್ದೇ: ಹಾರ್ಮೋನಿಯಂ, ಹೊಗಳಿಕೆಯ ಹಾಡು, ಆರತಿ. ನನಗೆ ಅದು ಸರಿಕಾಣಲಿಲ್ಲ. ಕೇಳಿದ್ದಕ್ಕೆ ನಕ್ಕರು.

“ತಮ್ಮಾ, ನಮ್ಮ ಮಂದಿಗೆ ರಾಜಾ ಬಂದಾ ಅಂದ್ರ ಸಾಕು, ಕೈ ತಾವ ಮ್ಯಾಲ ಏಳತಾವ. ಮೊದಲ ಚಪ್ಪಾಳಿ ಹೊಡಸೂಣು. ಆಮ್ಯಾಲ ಆ ಚಪ್ಪಾಳಿಗೇ ನಾಚಿಕಿ ಬರೂ ಹಂಗ ಮಾಡೂಣು.”

ಸರದಾರ ಸ್ವತಃ ಕಾಕಾ. ನನಗೆ ಮೂಲನಿವಾಸಿಗಳ ಊರೊಂದರ ಮುಖಂಡನ ಪಾತ್ರ. ಮೊದಲರ್ಧದಲ್ಲಿ ಜೋಳದ ಬುಟ್ಟಿ ತಂದು ಮಂಡಿಯೂರಬೇಕು. ಎರಡನೆಯ ಅರ್ಧದಲ್ಲಿ ಎದ್ದು ನಿಂತು ‘ಇನ್ನು ಕೊಡೆವು’ ಎನ್ನಬೇಕು. ಆಗ ಸರದಾರ ಕಣಜಕ್ಕೆ ಬೆಂಕಿಯಿಡುತ್ತಾನೆ. ತಾಲೀಮಿನಲ್ಲಿ ಬೈಗುಳವೆಲ್ಲ ನನಗೇ. “ಮಂಡಿ ಊರೂದಂದ್ರ ಜಿಮ್‌ನಾಗ ಸ್ಟ್ರೆಚ್ ಮಾಡಿಧಂಗ ಅಲ್ಲಲೇ! ಹೆದರಿದವನ ಬೆನ್ನು ಹಂಗಿರೂದಿಲ್ಲ.”

ಪಶ್ಚಿಮದ ಬೆಟ್ಟಗಳ ಕಡೆ, ಸರದಾರನ ಕೋಟೆ ಇದ್ದ ಜಾಗದಲ್ಲಿ ಈಗ ಪುರಾತತ್ವದವರ ಅಗೆತ ನಡೆಯುತ್ತದೆ. ಕಾಕಾ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬಂದವರಿಗೆ ಹಳೆಯ ಊರಿನ ವಿಷಯ ಹೇಳುತ್ತಿದ್ದ ಹಿರಿಯ ಹೆಂಗಸೊಬ್ಬರು ಸಿಕ್ಕರು. ಆ ನೆಲದ ಮೂಲನಿವಾಸಿಗಳ ಕಡೆಯವರು. ನಮ್ಮ ನಾಟಕಕ್ಕೆ ಮುಖ್ಯ ಅತಿಥಿಯಾಗಿ ಬನ್ನಿ ಎಂದು ಕಾಕಾ ಬೇಡಿಕೊಂಡರು. ಅವರು ತಕ್ಷಣ ಒಪ್ಪಲಿಲ್ಲ. ಸುಟ್ಟದ್ದನ್ನೂ ತೋರಿಸುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದಕ್ಕಾಗಿಯೇ ಆಡುತ್ತಿರುವುದು, ಇದು ನನ್ನ ಮಾತು, ಎಂದು ಕಾಕಾ ಎದೆಯ ಮೇಲೆ ಕೈಯಿಟ್ಟುಕೊಂಡರು. ಕಾರಿನಲ್ಲಿ ಮರಳುವಾಗಲೂ ಆ ಮಾತು ಅವರ ಮೈಮೇಲೆ ಕೂತಿತ್ತು.

ರಾಜ್ಯೋತ್ಸವದ ಸಂಜೆ ನಮ್ಮ ಸಮಾರಂಭಗಳು ನಡೆಯುವಂತೆಯೇ ನಡೆಯಿತು. ಎಲ್ಲರ ಮಕ್ಕಳೂ ಕುಣಿಯಬೇಕು, ಎಲ್ಲ ಪ್ರಾಯೋಜಕರೂ ಎರಡು ಮಾತು ಆಡಬೇಕು. ಅತಿಥಿ ಮುಂದಿನ ಸಾಲಿನಲ್ಲಿ ಕೋಟು ಮಡಿಲಲ್ಲಿಟ್ಟುಕೊಂಡು ಕಾದಿದ್ದರು. ಕೊನೆಗೆ ಬೆಳ್ಳಿ ಟೊಪ್ಪಿಗೆಯ ಸರದಾರ ಬಂದ. ಸಭೆ ಸಿಳ್ಳೆ ಹೊಡೆಯಿತು. ಗರಿ ಸಿಕ್ಕಿಸಿಕೊಂಡ ಪುಟ್ಟ ಮಕ್ಕಳು ಆರತಿ ಎತ್ತಿದರು. ನಾನು ಬುಟ್ಟಿ ತಂದೆ, ಮಂಡಿಯೂರಿದೆ. ಅರ್ಧ ಮುಗಿದು ಪರದೆ ಬಿತ್ತು.

ಪರದೆಯ ಹಿಂದೆ ಕನ್ನಡ ಸಂಘದ ಕಾರ್ಯದರ್ಶಿ ಓಡಿಬಂದ.

“ಅಂಕಲ್, ಸೂಪರ್! ಆದ್ರೆ ಊಟ ಬಂದ್ಬಿಟ್ಟಿದೆ, ಹಾಲ್ ಖಾಲಿ ಮಾಡ್ಬೇಕು. ಸೆಕೆಂಡ್ ಹಾಫ್ ನೆಕ್ಸ್ಟ್ ಇಯರ್ ಇಟ್ಕೊಳೋಣ. ಗೆಸ್ಟ್‌ಗೆ ಶಾಲು ನೀವೇ ಹೊದಿಸಿ, ಕಾಸ್ಟ್ಯೂಮಲ್ಲೇ ಬನ್ನಿ, ಫೋಟೋ ಚೆನ್ನಾಗ್ ಬರುತ್ತೆ.”

“ಇಲ್ಲಿಗೇ ನಿಲ್ಲಿಸಿದ್ರ ಇದು ಸುಳ್ಳಾಗ್ತದಪಾ,” ಎಂದರು ಕಾಕಾ.

“ಸುಳ್ಳೇನ್ ಬಂತು ಅಂಕಲ್? ಆರತಿ ಸೀನ್‌ಗೆ ಎಷ್ಟು ವಿಸಿಲ್ ಬಿತ್ತು ನೋಡಿದ್ರಲ್ಲ!”

ಅಷ್ಟರಲ್ಲಿ ಮೈಕಿನಲ್ಲಿ ಸನ್ಮಾನದ ಘೋಷಣೆ ಆಗಿಹೋಗಿತ್ತು. ಪರದೆ ಮೇಲೇರಿತು. ನಾನಿನ್ನೂ ಮಂಡಿಯ ಮೇಲೇ ಇದ್ದೆ. ಬಹಳ ದಿನ ನಾನು ನಂಬಿದ್ದು ಹೀಗೆ: ಕಾಕಾ ಶಾಲನ್ನು ಮೇಜಿನ ಮೇಲಿಟ್ಟು, ಟೊಪ್ಪಿಗೆ ತೆಗೆದು, ಅತಿಥಿಯ ಮುಂದೆ ತಲೆತಗ್ಗಿಸಿದರು. ಆಮೇಲೆ ವಿಡಿಯೋ ನೋಡಿದೆ. ಹಾಗೇನೂ ಇಲ್ಲ. ಟೊಪ್ಪಿಗೆ ತಲೆಯ ಮೇಲೇ ಇದೆ. ಸೊಂಟದಲ್ಲಿ ಕತ್ತಿ ಇದೆ. ಅವರು ಶಾಲು ಬಿಡಿಸಿ ಆ ಹೆಂಗಸಿನ ಹೆಗಲಿಗೆ ಹೊದಿಸುತ್ತಾರೆ, ಕ್ಯಾಮೆರಾದತ್ತ ತಿರುಗಿ ಎಂದು ಯಾರೋ ಅಂದಾಗ ತಿರುಗುತ್ತಾರೆ. ಎಡಬದಿಯಲ್ಲಿ ಬುಟ್ಟಿಯ ಹಿಂದೆ ಬಗ್ಗಿದ ಬೆನ್ನೊಂದು ಕಾಣುತ್ತದೆ. ತಾಲೀಮಿನಲ್ಲಿ ಬಾರದಿದ್ದ ಬಗ್ಗುವಿಕೆ ಅಂದು ಸರಿಯಾಗಿ ಬಂದಿತ್ತು.

ಕಾಕಾ ಬಣ್ಣ ಒರೆಸಿಕೊಂಡು ಬರುವಷ್ಟರಲ್ಲಿ ಅತಿಥಿ ಹೊರಟುಹೋಗಿದ್ದರು. ಬಿಸಿಬೇಳೆಬಾತಿನ ಸಾಲಿನಲ್ಲಿ ಎಲ್ಲರೂ ಕಾಕಾರ ಬೆನ್ನು ತಟ್ಟಿದರು. ಅವರ ಮುಖ… ಇಲ್ಲ, ಮುಖ ನೆನಪಿಲ್ಲ. ನಾನು ನೋಡಲಿಲ್ಲ.

ಆ ಹೆಂಗಸಿಗೆ ಒಂದು ಫೋನಾದರೂ ಮಾಡಿ ಎಂದು ನಾನು ಮುಂದೆ ಹಲವು ಬಾರಿ ಹೇಳಿದೆ. “ಪೂರಾ ಆಟ ಆಗ್ಲಿ. ಅಲ್ಲೀತನಕಾ ಯಾವ ಮಾರಿ ಹೊತಗೊಂಡು ಮಾತಾಡ್ಲಿ?” ಎನ್ನುತ್ತಿದ್ದರು. ಮರುವರ್ಷ ಹೊಸ ಸಮಿತಿ ಬಂತು, ಬೆಂಗಳೂರಿನಿಂದ ಗಾಯಕರನ್ನು ಕರೆಸಿತು. ಅದರ ಮುಂದಿನ ವರ್ಷ ಕಾಕಾ ಇರಲಿಲ್ಲ. ಬೆಳಗ್ಗೆ ಚಹಾ ಕುಡಿಯುತ್ತ ಕುರ್ಚಿಯಲ್ಲೇ ಹೋದರು. ಶ್ರದ್ಧಾಂಜಲಿಯ ಸಭೆಯಲ್ಲಿ ತೋರಿಸಿದ್ದು ಸರದಾರನ ಪ್ರವೇಶದ ವಿಡಿಯೋ.

ಸ್ಪ್ರೇ ಬಣ್ಣದ ವಾಸನೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಬೆಟ್ಟಗಳ ಕಡೆ ಕಾರು ತಿರುಗಿಸಿದೆ. ಆ ಹಿರಿಯ ಹೆಂಗಸು ಈಗ ಅಗೆತದ ಜಾಗಕ್ಕೆ ಬರುವುದಿಲ್ಲವಂತೆ. ಕೇಳಿಕೊಂಡು ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕಾಕಾ ತೀರಿಕೊಂಡದ್ದನ್ನು ಹೇಳಿದೆ. ಅವರಿಗೆ ನೆನಪಿತ್ತು. ಒಳ್ಳೆಯ ನಟ, ಎಂದರು. ನನಗೆ ತಡೆಯಲಾಗಲಿಲ್ಲ. ನಾಟಕ ಅಷ್ಟೇ ಇರಲಿಲ್ಲ, ಇನ್ನರ್ಧ ಇತ್ತು, ಅದರಲ್ಲಿ ಊರಿನವರು ಎದ್ದು ನಿಲ್ಲುತ್ತಾರೆ, ಬೆಂಕಿ ಬರುತ್ತದೆ, ಎಂದು ಅಲ್ಲೇ ಹೇಳತೊಡಗಿದೆ.

ಅವರು ಮೆಲ್ಲಗೆ ಕೈಯೆತ್ತಿ ತಡೆದರು. ಆ ಭಾಗ ನಮಗೆ ಗೊತ್ತು, ಎಂದರು. ನಿಮ್ಮ ಜನಕ್ಕೆ ಅದನ್ನು ತೋರಿಸಿದಿರಾ?

ಇಲ್ಲ, ಎಂದೆ.

ಅವರು ಬಾಗಿಲು ಮುಚ್ಚಲಿಲ್ಲ. ನಾನೇ ಮೆಟ್ಟಿಲಿಳಿದೆ.