ಬೀಳಲು ಕಲಿಸುತ್ತಿದ್ದ ಮಲ್ಲಣ್ಣ

ಮಾನ್ಯ ಓದುಗರಲ್ಲಿ ಸೊಲ್ಲಾಪುರದಿಂದ ಸವಿನಯ ವಿನಂತಿ. ನಾನು ಕನ್ನಡ ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಮುಂದಿನದೆಲ್ಲ ಮರಾಠಿಯಲ್ಲಿ ನಡೆಯಿತು. ಆದಕಾರಣ ನನ್ನ ಕಾಗುಣಿತಕ್ಕೂ ವಕ್ರವಾದ ಅಕ್ಷರಕ್ಕೂ ಕ್ಷಮೆ ಇರಲಿ. ಇಂಥದನ್ನು ಬರೆಯುತ್ತಿರುವುದು ಇದೇ ಮೊದಲು. ನಮ್ಮ ಬಟ್ಟೆ ಅಂಗಡಿಯ ಅರ್ಜಿಗಳನ್ನು ಬರೆದ ರೂಢಿಯೊಂದೇ ನನಗಿರುವುದು.

ವಿಷಯ: ತಡವಳದ ಮಲ್ಲಣ್ಣನವರ ಕುರಿತು.

ಸದರಿ ಮಲ್ಲಣ್ಣನವರ ಬಲ ಮೊಣಕೈ ಪೂರ್ತಿ ನೇರವಾಗುತ್ತಿರಲಿಲ್ಲ. ಸ್ಕೇಟ್‌ಬೋರ್ಡ್ ಎಂಬ ಚಕ್ರದ ಹಲಗೆಯ ಆಟ ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವರು ಮೊದಲು ತೋರಿಸುತ್ತಿದ್ದುದು ಅದನ್ನೇ. "ಮುಟ್ಟಿ ನೋಡ್ರಿ. ನನಗ ಬೀಳಾಕ ಕಲಸಾವ್ರು ಯಾರೂ ಇರ್ಲಿಲ್ಲ," ಎನ್ನುತ್ತಿದ್ದರು. ವಾರವೆಲ್ಲ ಮಗ್ಗ ರಿಪೇರಿ ಮಾಡುವ ಫಿಟರ್; ರಜೆಯ ದಿನ ಬೆಳಿಗ್ಗೆ, ಮುಚ್ಚಿದ ಗಿರಣಿಯೊಂದರ ಹಿಂದಿನ ಸಿಮೆಂಟ್ ಅಂಗಳದಲ್ಲಿ ನಮ್ಮ ಗುರು. ಗುರು ಎಂದರೆ ಮಾತ್ರ ಬೈಯುತ್ತಿದ್ದರು.

ಹೊಸಬರಿಗೆ ಮೊದಲ ನಾಲ್ಕು ವಾರ ಹಲಗೆಯೇ ಇಲ್ಲ. ಮಗ್ಗದ ವೇಸ್ಟ್ ದಾರ ತುಂಬಿದ ಚೀಲಗಳನ್ನು ಹಾಸಿ, ಮೊಣಕಾಲು ಮಡಚಿ ಭುಜದ ಮೇಲೆ ಹೊರಳಿ ಬೀಳುವುದನ್ನಷ್ಟೇ ಕಲಿಸುತ್ತಿದ್ದರು. ಬಿದ್ದವರನ್ನು ಯಾರೂ ಮೊಬೈಲಿನಲ್ಲಿ ಚಿತ್ರೀಕರಿಸಕೂಡದು. ಹಲಗೆಯ ಮೇಲೆ ಕಂಪನಿಯ ಹೆಸರಿದ್ದರೆ ಪಾಲಿಶ್ ಕಾಗದ ಕೊಟ್ಟು ನಮ್ಮಿಂದಲೇ ತಿಕ್ಕಿಸಿ ಅಳಿಸುತ್ತಿದ್ದರು. ಪಂದ್ಯ, ಬಹುಮಾನದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಮೂರನೆಯ ವಾರವೇ ನಾನು ಹಲಗೆ ಬೇಡಿದೆ.

"ಸಾವಕಾರ್ರ ಮಗಳಿಗೆ ಭಾಳ ಗಡಿಬಿಡಿ. ಹಲಗಿ ಎಲ್ಲೂ ಓಡಿ ಹೋಗಂಗಿಲ್ಲ. ಇನ್ನೊಮ್ಮಿ ಬೀಳು."

ಮನೆಯಲ್ಲಿ ದನಿ ಎತ್ತಿ ನಕ್ಕವಳಲ್ಲ ನಾನು. ಆ ಅಂಗಳದಲ್ಲಿ ನಕ್ಕಿದ್ದೇನೆ.

ಕಳೆದ ವರ್ಷ ಪುಣೆಯ ಒಂದು ಬೂಟಿನ ಕಂಪನಿಯವರು ಬಂದು, ಹೊಸ ನೆಲ ಹಾಕಿಸಿಕೊಡುತ್ತೇವೆ ಎಂದರು. ಮಲ್ಲಣ್ಣ ಬೇಡವೆಂದರು. ನೆಲದ ಬಿರುಕಿಗೆ ಚಕ್ರ ಸಿಕ್ಕಿ ನನ್ನ ಗೆಳತಿಯ ಹಲ್ಲು ಮುರಿದಿತ್ತು. ಆದ್ದರಿಂದ ಹಟ ಹಿಡಿದು ಅವರನ್ನು ಒಪ್ಪಿಸಿದವಳು ನಾನು. ಕರಾರು ಇಂಗ್ಲಿಷಿನಲ್ಲಿತ್ತು. ಚಹಾದಂಗಡಿಯಲ್ಲಿ ಕುಳಿತು ಓದಿ ಹೇಳಿದೆ. ಕೊನೆಯ ಪುಟ ಬರುವಷ್ಟರಲ್ಲಿ ನನಗೆ ಅಂಗಡಿಯ ಹೊತ್ತಾಗಿತ್ತು. "ಇದು ಎಲ್ಲಾ ಕಾಗದದಾಗೂ ಇರೂದಣ್ಣಾ," ಎಂದು ಓದದೆ ಮಗುಚಿಬಿಟ್ಟೆ. ನಮ್ಮ ಅಂಗಡಿಯಲ್ಲಿ ಅಂಥ ಪುಟಗಳನ್ನು ಯಾರೂ ಓದಿದ್ದಿಲ್ಲ. ಅವರು ಸಹಿ ಮಾಡಿದರು.

ಮೂರು ವರ್ಷ ಅವರ ಹೆಸರು ಕಂಪನಿಯದು, ಅಲ್ಲಿಯವರೆಗೆ ಬೇರೆಲ್ಲೂ, ಪುಕ್ಕಟೆಯಾಗಿಯೂ, ಕಲಿಸತಕ್ಕದ್ದಲ್ಲ ಎಂದು ಆ ಪುಟದಲ್ಲಿತ್ತು.

ನೆಲ ನುಣುಪಾಯಿತು. ಗೇಟು ಬಂತು, ಟಿಕೆಟ್ ಬಂತು. ಬೂಟಿನ ಚಿತ್ರದ ಕೆಳಗೆ ಮಲ್ಲಣ್ಣನವರ ಹೆಸರು ಬಂತು. ಬೀಳುವ ನಾಲ್ಕು ವಾರಗಳನ್ನು ರದ್ದುಪಡಿಸಲಾಯಿತು, ಏಕೆಂದರೆ ಬಂದವರಿಗೆ ಮೊದಲ ದಿನವೇ ಹಲಗೆಯ ಮೇಲೆ ನಿಂತ ಫೋಟೋ ಬೇಕಿತ್ತು. ಮಲ್ಲಣ್ಣ ಒಂದು ತಿಂಗಳು ವಾದಿಸಿದರು. ಕೊನೆಗೆ ಜಾಹೀರಾತಿನಲ್ಲಿ ಮೊಣಕೈ ಕಾಣಬಾರದೆಂದು ಕಂಪನಿಯವರು ಉದ್ದ ತೋಳಿನ ಅಂಗಿ ಕೊಟ್ಟರು. ಮಲ್ಲಣ್ಣ ಅದನ್ನು ಮಡಚಿ ಮೇಜಿನ ಮೇಲಿಟ್ಟು ಹೊರಟುಹೋದರು.

ಆಮೇಲೆ ಬೋರಾಮಣಿ ಹಳ್ಳಿಯಲ್ಲಿ ಮೂವರು ಹುಡುಗಿಯರಿಗೆ ಮತ್ತೆ ಅದೇ ಚೀಲ ಹಾಸಿ ಕಲಿಸತೊಡಗಿದ್ದರು. ಕಂಪನಿಯಿಂದ ನೋಟಿಸು ಬಂತು. ಓದಿ ಹೇಳಲು ಅಕ್ಕಲಕೋಟೆಯ ಬಸ್ ನಿಲ್ದಾಣಕ್ಕೆ ನನ್ನನ್ನೇ ಕರೆಸಿದರು.

"ಈ ಸಲ ಕಡೀ ಪುಟಾನೂ ಓದವಾ ತಂಗಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೂರ್ತಿ ಓದಿದೆ.

"ಅಂದ್ರ ಪುಕ್ಕಟನೂ ಕಲಸಾಕ ಬರಂಗಿಲ್ಲ?"

"ಬರಂಗಿಲ್ಲಣ್ಣಾ."

ನೋಟಿಸನ್ನು ಜೇಬಿಗೆ ಹಾಕಿಕೊಂಡರು. ತಡವಳದ ಬಸ್ಸು ಬಂದಾಗ ಎದ್ದು, "ನಾಳಿ ಆ ಹುಡುಗ್ಯಾರು ದಾರಿ ನೋಡ್ತಾರ. ಮಲ್ಲ್ಯಾಗ ಕಲಸೂ ಹಕ್ಕಿಲ್ಲಂತ ನೀನ ಹೇಳಿ ಬಾ," ಎಂದು ಹತ್ತಿದರು.

ಮರುದಿನ ಬೋರಾಮಣಿಗೆ ಹೋದೆ. ಮೂವರೂ ಚೀಲ ಹಾಸಿಕೊಂಡು ಕಾದಿದ್ದರು. ಮಲ್ಲಣ್ಣನವರಿಗೆ ಜ್ವರ ಎಂದು ಸುಳ್ಳು ಹೇಳಿ ಬಂದೆ. ಅಂದಿನಿಂದ ಮಲ್ಲಣ್ಣ ಫೋನು ಎತ್ತುತ್ತಿಲ್ಲ. ತಡವಳದ ಮನೆಗೆ ಎರಡು ಬಾರಿ ಹೋದರೂ ಹೊರಗೆ ಬರಲಿಲ್ಲ. ಆ ಹುಡುಗಿಯರು ಪ್ರತಿ ವಾರ ಜ್ವರ ಇಳಿಯಿತೇ ಎಂದು ನನ್ನನ್ನು ಕೇಳುತ್ತಾರೆ.

ಕರಾರಿನ ಕಾನೂನು ಬಲ್ಲವರು ಯಾರಾದರೂ ಇದನ್ನು ಓದಿದ್ದಲ್ಲಿ, ಮಲ್ಲಣ್ಣನವರನ್ನು ಬಿಡಿಸುವ ದಾರಿ ಇದ್ದರೆ ತಿಳಿಸಬೇಕು. ಉಳಿದವರು ದಯಮಾಡಿ ಕಡೆಯ ಸಾಲಿನವರೆಗೂ ಓದಿ, ತಪ್ಪು ಕಂಡಲ್ಲಿ ತಿದ್ದಬೇಕಾಗಿ ವಿನಂತಿ.