ಹಸಿರು ಹೆಬ್ಬೆರಳು

ದೊಡ್ಡಪ್ಪನ ಬಲಗೈ ಹೆಬ್ಬೆರಳ ಉಗುರಿನ ಸಂದಿ ಯಾವಾಗಲೂ ಹಸಿರಾಗಿರುತ್ತಿತ್ತು. ಅದೇ ಬೆರಳಿನಿಂದ ರೊಟ್ಟಿ ಮುರಿಯುತ್ತಿದ್ದ. ನನಗೆ ಹೇಸಿಗೆಯಾಗುತ್ತಿತ್ತು.

ಅವನ ಹುಚ್ಚು ಹಳೆಯ ಮಿಲಿಟರಿ ಬಟ್ಟೆಯದು. ಅದರಲ್ಲೂ ಗಿಡಗಂಟಿಯ ನಡುವೆ ಸಿಪಾಯಿ ಕಾಣದಿರಲೆಂದು ಹಸಿರು, ಕಂದು ಪಟ್ಟೆ ಬಳಿದ ಕೋಟುಗಳದು. ಕಾಲುವೆ ಬಂದ ಮೇಲೆ ಸಿಂಧನೂರಿನ ಸಂತೆಗೆ ಕೂಲಿಕಾರರಿಗಾಗಿ ಇಂಥ ಹಳೆಬಟ್ಟೆಯ ಗಂಟುಗಳು ಬರುತ್ತಿದ್ದವು. ದೊಡ್ಡಪ್ಪ ಹೆಬ್ಬೆರಳಿಗೆ ಉಗುಳು ಹಚ್ಚಿ ಪಟ್ಟೆಯ ಮೇಲೆ ತಿಕ್ಕುತ್ತಿದ್ದ. ಬಣ್ಣ ಬೆರಳಿಗೆ ಹತ್ತಿದರೆ ಅದು ಕುಂಚದಿಂದ ಬಳಿದ ಹಳೆಯ ಮಾಲು. ಹತ್ತದಿದ್ದರೆ ಅಚ್ಚು ಹಾಕಿದ್ದು, ಬೇಡ. ಒಮ್ಮೆ ತುರ್ವಿಹಾಳದ ಕಾಲುವೆಯ ಮೇಲೆ ಮಣ್ಣು ಹೊರುತ್ತಿದ್ದವನನ್ನು ನಿಲ್ಲಿಸಿ, ತನ್ನ ಮೈಮೇಲಿನ ಹೊಸ ಅಂಗಿ ಬಿಚ್ಚಿಕೊಟ್ಟು ಅವನ ಹರಕು ಕೋಟು ಈಸಿಕೊಂಡ. "ಧಣ್ಯಾರ ತಲಿ ನೆಟ್ಟಗ ಐತಿಲ್ಲೋ?" ಎಂದು ಕೂಲಿಯವರು ನಕ್ಕರು. ನಾನು ಬಂಡಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ.

ಹೊರಗಿನವರಿಗೆ ಅಂಗಿ ಬಿಚ್ಚಿಕೊಡುವವನು ಮನೆಯವರದನ್ನು ದೋಚಿದ. ಸಿಪಾಯಿಯಾಗಿದ್ದ ಅಪ್ಪ ಕೊನೆಯ ರಜೆಯಲ್ಲಿ ಗೂಟಕ್ಕೆ ತಗುಲಿಸಿ ಬಿಟ್ಟುಹೋದ ಪಟ್ಟೆಯ ಕೋಟೊಂದೇ ನಮಗೆ ಉಳಿದದ್ದು. ಗಡಿಯಿಂದ ಅವನ ಹೆಣವೂ ಬರಲಿಲ್ಲ. ದೊಡ್ಡಪ್ಪ ಅದನ್ನೂ ತನ್ನ ಟ್ರಂಕಿಗೆ ಸೇರಿಸಿ ಬೀಗ ಹಾಕಿದ. ಅವನ ಮನೆಯಲ್ಲಿ ಉಣ್ಣುತ್ತಿದ್ದ ಅವ್ವ ಬಾಯಿ ತೆರೆಯಲಿಲ್ಲ. ನಾನು ಕೇಳಿದೆ.

"ನಿನ್ನ ಕೈಗೆ ಕೊಟ್ರ ಒಗದು ಹಾಳ ಮಾಡ್ತಿ ಬೇ."

"ಒಗ್ಯಂಗಿಲ್ಲ. ಒಮ್ಮೆ ಮುಟ್ಟಿ ನೋಡ್ತೀನಿ."

"ಮುಟ್ಟೂದೂ ಬ್ಯಾಡ. ನನ್ನ ತಮ್ಮನ ಕೋಟು ಕತ್ತಲದಾಗ ಇಟ್ರೂ ಗುರ್ತ ಹಿಡಿತೀನಿ ನಾ. ನಿನಗೇನು ಗೊತ್ತೈತಿ?"

ಹುಳ ಹಿಡಿಯದಿರಲೆಂದು ಟ್ರಂಕಿನಲ್ಲಿಟ್ಟ ಬೇವಿನೆಲೆ ಬದಲಿಸಲು ಅವನು ಮುಚ್ಚಳ ತೆಗೆದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದರ ಮೇಲೊಂದು, ಎಲ್ಲವೂ ಒಂದೇ ತರಹ.

ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ಅವನು ಸತ್ತ. ಮಣ್ಣು ಮುಗಿದ ಮೇಲೆ ಊರು ಮುಟ್ಟಿದೆ. ಅಳಲಿಲ್ಲ, ನೇರ ಟ್ರಂಕಿಗೆ ಹೋದೆ. ಖಾಲಿ. ಸತ್ತವರ ಬಟ್ಟೆ ಅಗಸರಿಗೆ ಸೇರಬೇಕೆಂಬುದು ನಮ್ಮ ರೂಢಿ. ಟ್ರಂಕಿನಲ್ಲಿದ್ದುದೆಲ್ಲ ಗಂಡನದೇ ಎಂದು ದೊಡ್ಡಮ್ಮ ಕೊಟ್ಟುಬಿಟ್ಟಿದ್ದಳು. "ಪೀಡಾ ಹೋತು," ಎಂದಳು.

ಅಗಸಗಿತ್ತಿ ಅವನ್ನೆಲ್ಲ ಸೌಳು ನೀರಿನ ಉಬ್ಬೆಗೆ ಹಾಕಿ ಕುದಿಸಿ, ಒಗೆದು, ಕಾಲುವೆಯ ಏರಿಯ ಮೇಲೆ ಹರವಿದ್ದಳು. ಪಟ್ಟೆಗಳೆಲ್ಲ ಬಿಟ್ಟುಹೋಗಿ, ಉದ್ದಕ್ಕೂ ಮಣ್ಣಬಣ್ಣದ ಕೋಟುಗಳು. ಅದರಲ್ಲಿ ಅಪ್ಪನದೂ ಒಂದಿದೆ, ಅದನ್ನು ಕೊಡು ಎಂದು ಕೇಳಿದೆ.

"ಹೊಳ್ಳಿ ಕೊಡೂ ಪದ್ಧತಿ ಇಲ್ರೀ," ಎಂದವಳು ನನ್ನ ಮುಖ ನೋಡಿ ಮೆತ್ತಗಾದಳು. "ನಿಮ್ಮಪ್ಪಂದು ಅಂದ್ರ ಬ್ಯಾರೆ ಮಾತು. ಯಾವುದು ತೋರ್ಸ್ರೀ ಯಕ್ಕಾ, ಒಯ್ರಿ."

ಒಂದೊಂದನ್ನೂ ಮುಟ್ಟುತ್ತ ಕೊನೆಯವರೆಗೆ ಹೋದೆ, ಮುಟ್ಟುತ್ತಲೇ ತಿರುಗಿ ಬಂದೆ. ಹಿಂದೆ ಒಂದು ಸಲ ಮುಟ್ಟಗೊಟ್ಟಿದ್ದರೆ ನನ್ನ ಕೈಗೆ ಗೊತ್ತಿರುತ್ತಿತ್ತು. ಕತ್ತಲಲ್ಲೂ ಗುರುತು ಹಿಡಿಯುವವನು ಮಣ್ಣಿನಲ್ಲಿದ್ದ.

ಅವನು ಬದುಕಿರಬೇಕಿತ್ತು ಎಂದು ಆಗ, ಮೊದಲ ಸಲ, ಅನಿಸಿತು. ಅದಕ್ಕೂ ಅವನನ್ನು ಕ್ಷಮಿಸಿಲ್ಲ.