ಕೌದಿಗೊಂದು ತುತ್ತು

ರೋಣದ ಮದರಬಿಯ ಪಡಸಾಲೆಯಲ್ಲಿ ಹತ್ತು ಕೌದಿಗಳು ಮಡಚಿಕೊಂಡು ಕುಳಿತಿದ್ದವು. ನೋಡಿದವರು ಎಲ್ಲ ಮುಗಿದಿವೆ ಎನ್ನಬೇಕು, ಹಾಗೆ. ಆದರೆ ಒಂದೂ ಮುಗಿದಿರಲಿಲ್ಲ. ಪ್ರತಿ ಕೌದಿಯ ಒಂದು ಮೂಲೆ ಗೇಣುದ್ದ ಬಾಯಿ ತೆರೆದುಕೊಂಡಿತ್ತು. ಆ ಬಾಯಿಗೆ ಒಣಗಿದ ಜೋಳದ ರೊಟ್ಟಿಯ ಒಂದು ಚೂರು ಬೀಳಬೇಕು, ಆಮೇಲೆ ಮೂಲೆ ಮುಚ್ಚಬೇಕು. ಅದನ್ನು ಹಾಕುವವರು ಕೌದಿ ಹೊದೆಯುವವರೇ ಆಗಬೇಕು, ಹೊಲಿದವಳು ಹಾಕುವಂತಿಲ್ಲ. ನಲವತ್ತು ವರ್ಷದ ಹಿಂದೆ ಅತ್ತೆ ರಮಜಾನಬಿ ಸೂಜಿಯ ಜೊತೆಗೇ ಕೈಗಿಟ್ಟ ಕಟ್ಟಳೆ ಇದು. "ಕೌದಿ ಹಸದಿದ್ರ ಹೊತ್ಕೊಂಡವರ ಹೊಟ್ಟಿ ತುಂಬಂಗಿಲ್ಲ" ಎನ್ನುತ್ತಿದ್ದಳು ಆ ಮುದುಕಿ. ಖರೆಯೋ ಸುಳ್ಳೋ, ಮದರಬಿ ಒಂದು ಕೌದಿಯನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದವಳಲ್ಲ.

ಮೊದಲಾದರೆ ಈ ಫಜೀತಿ ಇರಲಿಲ್ಲ. ಕೌದಿಯವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವರು, ಚೂರು ಹಾಕುವರು, ಚಹಾ ಕುಡಿದು ಊರ ಸುದ್ದಿಯೆಲ್ಲ ಹೇಳಿ ಸಂಜೆಯ ಬಸ್ಸಿಗೆ ಹೋಗುವರು. ಈಗ ಹಳೆ ಸೀರೆ, ಧೋತರದ ಗಂಟು ಬಸ್ಸಿನಲ್ಲಿ ಒಂಟಿಯಾಗಿ ಬರುತ್ತದೆ. ಹಿಂದೆಯೇ ಫೋನು: "ಆದ ಮ್ಯಾಲೆ ಬಸ್ಸಿಗೆ ಹಾಕಿಬಿಡ್ರಿ, ರೊಕ್ಕ ಫೋನಿಗೆ ಹಾಕ್ತೀವಿ." ಮದರಬಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ರೊಕ್ಕ ಫೋನಿಗೆ ಬರ್ತೈತಿ, ರೊಟ್ಟಿ ಬರ್ತೈತೇನು?" ಎಂದು ಇಟ್ಟುಬಿಡುವಳು. ಅವರು ಬರಲಿಲ್ಲ, ಇವಳು ಕಳಿಸಲಿಲ್ಲ. ಹಟಕ್ಕೆ ಹಟ ಬಿದ್ದು ಮೂರು ವರ್ಷದಲ್ಲಿ ಹತ್ತು ಕೌದಿ ಪಡಸಾಲೆಯಲ್ಲೇ ಉಳಿದವು.

ಇಷ್ಟರಲ್ಲಿ ಮದರಬಿಯ ಬಲಗೈ ಹೆಬ್ಬೆರಳು ಬುಡದಲ್ಲಿ ಬಾತುಕೊಂಡಿತು. ಆರೇಳು ಪದರ ಬಟ್ಟೆಗೆ ಸೂಜಿ ತೂರಿಸಿ ತೂರಿಸಿ ಸವೆದ ಕೀಲು ಅದು. ದವಾಖಾನೆಯ ಡಾಕ್ಟರು ಮುಂದಿನ ತಿಂಗಳು ಇಪ್ಪತ್ತಕ್ಕೆ ಆಪರೇಷನ್ ಎಂದರು. "ಆಮ್ಯಾಲೆ ಸೂಜಿ ಹಿಡಿಯಾಕ ಬರ್ತೈತಲ್ರಿ?" ಎಂದು ಕೇಳಿದಳು. "ಇನ್ನ ಸಾಕ್ ಮಾಡ್ರಿ, ಅಮ್ಮಾ" ಎಂದರು ಅವರು. ಮದರಬಿ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಗಂಡ ಕಾಶೀಂಸಾಬ ಹೋದ ಮೇಲೆ ಮನೆ ನಡೆಸಿದ್ದು ಈ ಬೆರಳು, ಮಗ ಜಾಕೀರನಿಗೆ ಸಾಲಿ ಕಲಿಸಿದ್ದು ಈ ಬೆರಳು. ಅದು ಕೈಬಿಡುವ ಮೊದಲು ಆ ಹತ್ತು ಬಾಯಿ ಮುಚ್ಚದಿದ್ದರೆ ಹೇಗೆ ಎಂಬ ಚಿಂತೆ ಆಕೆಯನ್ನು ಹಿಡಿಯಿತು.

ಸೊಸೆ ನಾಜಮೀನ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುವವಳು, ಕೈ ಚುರುಕು. ಅತ್ತೆಯ ಸಂಕಟ ನೋಡಲಾರದೆ, ಅತ್ತೆ ನಮಾಜಿಗೆ ಕುಳಿತ ಹೊತ್ತಿನಲ್ಲಿ ಬೆಳವಣಕಿಯ ರೇಣುಕವ್ವನ ಕೌದಿಯ ಮೂಲೆಯನ್ನು ಗರ್ರನೆ ಮಷಿನ್ ಮೇಲೆ ಹೊಡೆದುಬಿಟ್ಟಳು. ಒಳ್ಳೆಯದು ಮಾಡಲು ಹೋಗಿ ಕೆಟ್ಟವರಾಗುವುದು ಎಂದರೆ ಇದೇ. ಮದರಬಿ ಬಂದು ಮೂಲೆಯ ಮೇಲೆ ಕೈಯಾಡಿಸಿದಳು.

"ಇದರ ಬಾಯಾಗ ಏನ್ ಹಾಕಿದಿ?"

"ಏನೂ ಇಲ್ಲ, ಅತ್ತಿ. ನಿಮ್ಮ ಬೆರಳಿಗೆ ತ್ರಾಸ ಬ್ಯಾಡಂತ..."

ಮದರಬಿ ಬೈಯಲಿಲ್ಲ. ಬ್ಲೇಡು ತೆಗೆದುಕೊಂಡು ಬಾತ ಹೆಬ್ಬೆರಳಿನಿಂದಲೇ ಒಂದೊಂದು ಹೊಲಿಗೆ ಬಿಚ್ಚುತ್ತ ಕುಳಿತಳು. ಮಷಿನ್ನಿನ ಹೊಲಿಗೆ, ಜಿಗಟು ಜಾತಿಯದು, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನಾಜಮೀನ "ನಾನ ಬಿಚ್ಚತೀನಿ ಕೊಡ್ರಿ ಅತ್ತಿ" ಎಂದು ಕಣ್ಣೊರೆಸಿಕೊಂಡಳು, ಮದರಬಿ ಕೊಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಹುಡುಗಿಗೆ.

ಮೂಲೆ ಮತ್ತೆ ಬಾಯಿ ತೆರೆದ ಮೇಲೆ ಮದರಬಿ ಬ್ಲೇಡು ಕೆಳಗಿಟ್ಟಳು. "ಆ ಕ್ಯಾಲೆಂಡರ್ ಇಳಿಸು, ಪೆನ್ನು ತಗೋ. ಅವರು ಬರಂಗಿಲ್ಲ ಅಂದ್ರ ಕೌದಿನ ಹೋಗ್ಲಿ. ಬರಕೋ."

ಲೆಕ್ಕ ಹಾಕಿದ್ದು ಬಸ್ಸಿನ ದಾರಿಯ ಮೇಲೆ. ಸೋಮವಾರ ಬೆಳವಣಕಿ, ಅಲ್ಲಿ ಮೂರು. ಗುರುವಾರ ಸೂಡಿ, ಗಜೇಂದ್ರಗಡ, ನಾಲ್ಕು. ಅದರ ಮುಂದಿನ ವಾರ ನರಗುಂದ, ಎರಡು. ರೋಣದ್ದೇ ಒಂದು, ಅದು ಯಾವಾಗಲಾದರೂ ಆದೀತು. ನಾಜಮೀನ ತಾರೀಖಿನ ಚೌಕಗಳಲ್ಲಿ ಬರೆಯುತ್ತ, "ಬೆರಳಿಗೆ ಸೂಟಿ ಯಾವತ್ತು, ಅತ್ತಿ?" ಎಂದಳು. "ಇಪ್ಪತ್ತರಿಂದ ಸಾಯೂ ತನಕ ಸೂಟಿನ ಐತಲ್ಲ" ಎಂದಳು ಮದರಬಿ. ಬರೆದು ಮುಗಿಸಿದ ನಾಜಮೀನ ಒಮ್ಮೆ ಮೂಲೆಯ ತಗಡಿನ ಟ್ರಂಕಿನ ಕಡೆ ನೋಡಿ, ಕ್ಯಾಲೆಂಡರನ್ನು ಮತ್ತೆ ಮೊಳೆಗೆ ತೂಗುಹಾಕಿದಳು.

ಹೊರಟಳಲ್ಲ ಮುದುಕಿ! ಅರವತ್ತಾರರ ವಯಸ್ಸು, ತಲೆಯ ಮೇಲೆ ಮೂರು ಕೌದಿಯ ಗಂಟು, ಸೆರಗಿನಲ್ಲಿ ಸೂಜಿ ದಾರ. ಕಂಡಕ್ಟರು "ಗಂಟಿಗೆ ಲಗೇಜ್ ಆಗ್ತೈತ್ರಿ" ಎಂದ. ಮದರಬಿ ಸೀಟಿನಲ್ಲಿ ಕುಳಿತು ಗಂಟು ಬಿಚ್ಚಿ, ಆ ರಣಬಿಸಿಲಿನಲ್ಲಿ, ಮೂರು ಕೌದಿಯನ್ನೂ ಹೊದ್ದುಕೊಂಡಳು. "ಹೊತ್ಕೊಂಡ ಬಟ್ಟಿಗೂ ಲಗೇಜ್ ಐತೇನೋ ತಮ್ಮಾ?" ಬಸ್ಸಿಗೆ ಬಸ್ಸೇ ನಕ್ಕಿತು, ಕಂಡಕ್ಟರು ಕೈಮುಗಿದು ಮುಂದೆ ಹೋದ.

ಬೆಳವಣಕಿಯ ರೇಣುಕವ್ವ ಬಾಗಿಲಲ್ಲೇ ನಾಚಿ ನೀರಾದಳು. "ಇವತ್ತ ಬರೂನು, ನಾಳೆ ಬರೂನು ಅಂತ ಮೂರು ವರ್ಷ ಮಾಡಿದ್ನಲ್ಲ ಯಕ್ಕಾ" ಎಂದು ಮದರಬಿಯ ಕೈ ಹಿಡಿದಳು. ಮದರಬಿ "ಅಯ್ಯೋ!" ಎಂದು ಕೈ ಕಿತ್ತುಕೊಂಡಾಗಲೇ ಆಕೆಗೆ ಆ ಹೆಬ್ಬೆರಳು ಕಂಡದ್ದು. ಅವತ್ತು ತನ್ನ ಕೌದಿಗೆ ಚೂರು ಹಾಕಿದ ಮೇಲೆ ರೇಣುಕವ್ವನೇ ಮದರಬಿಯನ್ನು ಕರೆದುಕೊಂಡು ಉಳಿದ ಎರಡು ಮನೆಗೂ ಗಂಟು ಹೊತ್ತು ನಡೆದಳು.

ಸೂಡಿಯ ಗುರುಸಂಗಪ್ಪ ಮಾತ್ರ ಗಟ್ಟಿ ಕುಳ, ಐವತ್ತೆಕರೆಯ ಹೊಲದವನು. "ಕೊಟ್ಟು ಹೋಗ್ರಿ, ನನಗ ಪ್ಯಾಟಿಗೆ ಹೋಗೂದೈತಿ. ರೊಟ್ಟಿ ಗಿಟ್ಟಿ ಎಲ್ಲಾ ಹಿಂದಿನ ಕಾಲದ್ದು" ಎಂದ. ಮದರಬಿ ಕಟ್ಟೆಯ ಮೇಲೆ ಕೌದಿ ಹರವಿ ಒಂದೊಂದೇ ತುಂಡು ಮುಟ್ಟಿ ತೋರಿಸಿದಳು. "ಇದು ನಿಮ್ಮ ಅಪ್ಪಾರ ರುಮಾಲು. ಇದು ನಿಮ್ಮ ಅವ್ವಾರ ಬಾಣಂತಿ ಸೀರಿ, ಎಣ್ಣಿ ಕಲಿ ಇನ್ನೂ ಐತಿ ನೋಡ್ರಿ. ಗಂಟು ಕಳಸಿದಾಗ ನಿಮ್ಮ ಮನಿಯವರು ಹೇಳಿದ್ರು, ಇದ್ರಾಗ ನಿಮ್ಮನ್ನ ಸುತ್ತಿದ್ರಂತ." ಗುರುಸಂಗಪ್ಪ ಎಣ್ಣೆಯ ಆ ಕಲೆಯ ಮೇಲೆ ಬೆರಳಾಡಿಸಿದ. ಆಮೇಲೆ ಚಪ್ಪಲಿ ಬಿಟ್ಟು ತಾನೇ ಅಡುಗೆಮನೆಗೆ ಹೋಗಿ ರೊಟ್ಟಿ ತಂದ, ಮೇಲೆ ಪುಂಡಿಪಲ್ಯ ಬೇರೆ. "ಪಲ್ಯ ಬ್ಯಾಡ್ರಿ, ಯಪ್ಪಾ! ಇರಿವಿ ಹತ್ತತಾವು" ಎಂದಳು ಮದರಬಿ. ಪಲ್ಯ ಆಕೆಯ ಹೊಟ್ಟೆಗೆ ಹೋಯಿತು, ರೊಟ್ಟಿಯ ಚೂರು ಕೌದಿಯ ಹೊಟ್ಟೆಗೆ. ಗುರುಸಂಗಪ್ಪನ ಪ್ಯಾಟೆ ಅವತ್ತು ತಪ್ಪಿತು.

ನರಗುಂದದಲ್ಲಿ ಇನ್ನೊಂದು ತಮಾಷೆ. ತೊಟ್ಟಿಲ ಕೂಸಿಗೆಂದು ಹೊಲಿದ ಕೌದಿ. ಕೂಸು ಉಮಾಶ್ರೀ ಆಗಲೇ ಅಂಗನವಾಡಿಗೆ ಹೋಗುತ್ತಿದ್ದಳು. ಹೊದಿಸಿದರೆ ಮೊಣಕಾಲು ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಲೋಕದ ಮಾತು. ಮದರಬಿ ಕಾಲು ಇದ್ದಷ್ಟು ಕೌದಿ ಬೆಳೆಸುವವಳು. ಅಲ್ಲೇ ಹಳೆಯ ಸೀರೆ ಕೇಳಿ ಇಸಿದುಕೊಂಡು, ಎರಡು ದಿನ ಅವರ ಮನೆಯಲ್ಲೇ ಉಳಿದು ಮೊಳದುದ್ದದ ಪಟ್ಟಿ ಕೂಡಿಸಿದಳು. ಹೆಬ್ಬೆರಳಿನ ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, "ಹೊಗಿ ಬಂತು" ಎಂದು ಗ್ಯಾಸಿನ ಒಲೆಯ ಮನೆಯಲ್ಲಿ ಸುಳ್ಳು ಹೇಳಿದಳು. ಕೊನೆಗೆ ಉಮಾಶ್ರೀ ತಾನು ಕಡಿದ ರೊಟ್ಟಿಯ ಅರ್ಧವನ್ನೇ ಕೌದಿಗೆ ಕೊಟ್ಟಳು.

ಹತ್ತೊಂಬತ್ತನೆಯ ತಾರೀಖು ಹತ್ತನೆಯ ಕೌದಿಯೂ ಮನೆ ಮುಟ್ಟಿತು. ಮಧ್ಯಾಹ್ನ ಮದರಬಿ ಖಾಲಿ ಪಡಸಾಲೆ ನೋಡುತ್ತ ಕುಳಿತಿದ್ದಳು. ಚಹಾದ ಕಪ್ಪು ಕೂಡ ಬಲಗೈಯಲ್ಲಿ ನಿಲ್ಲುತ್ತಿರಲಿಲ್ಲ. ಆಗ ನಾಜಮೀನ ಟ್ರಂಕು ತೆಗೆದು ಇನ್ನೊಂದು ಕೌದಿ ತಂದು ಮುಂದಿಟ್ಟಳು. ಮದರಬಿಯ ಮದುವೆಯ ಸೀರೆ, ಕಾಶೀಂಸಾಬನ ಲುಂಗಿ, ಜಾಕೀರ ಕೂಸಿದ್ದಾಗಿನ ಕುಲಾಯಿ ಟೊಪ್ಪಿಗೆ, ಎಲ್ಲ ಅದರಲ್ಲಿದ್ದವು. ಹನ್ನೆರಡು ವರ್ಷದಿಂದ ಅದರ ಮೂಲೆಯೂ ತೆರೆದೇ ಇತ್ತು.

"ಇದು ಕ್ಯಾಲೆಂಡರಿನ್ಯಾಗ ಯಾಕ ಬರಸಲಿಲ್ಲ, ಅತ್ತಿ?"

"ಇದು ಮುಗಿಯಂಗಿಲ್ಲವ್ವಾ. ಹೊಲದಾಕಿನೂ ನಾನ, ಹೊದಿಯಾಕಿನೂ ನಾನ. ಹೊಲದಾಕಿ ತುತ್ತು ಹಾಕಂಗಿಲ್ಲ. ಇರ್ಲಿ ಬಿಡು, ನಾ ಹಿಂಗ ಹೋಗ್ತೀನಿ."

ನಾಜಮೀನ ಒಳಗೆ ಹೋಗಿ ಒಂದು ರೊಟ್ಟಿ ತಂದಳು. "ನೀವು ಹೊದಿಯಾಕಿ, ತುತ್ತು ನೀವ ಹಾಕ್ರಿ. ಮೂಲಿ ನಾ ಹೊಲಿತೀನಿ. ಕೈಲೆ."

ಮದರಬಿ ಎಡಗೈಯಿಂದ ರೊಟ್ಟಿ ಮುರಿದಳು. ಚೂರು ಮೂರು ಸಲ ಕೈತಪ್ಪಿ ಬಿದ್ದು ನಾಲ್ಕನೆಯ ಸಲ ಒಳಗೆ ಹೋಯಿತು. ಮಷಿನ್ ಮೇಲೆ ಹಕ್ಕಿಯಂತೆ ಹಾರುವ ನಾಜಮೀನಳ ಕೈ ಏಳು ಪದರಕ್ಕೆ ಸೂಜಿ ತೂರಿಸಲು ತಿಣುಕಿತು. ಹೊಲಿಗೆ ಹಾವು ಹರಿದಂತೆ ಸೊಟ್ಟಂಪಟ್ಟ. ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. "ಸಣ್ಣ ಹಾಕವಾ, ಜೋಳದ ಕಾಳಿನಷ್ಟು ಸಣ್ಣ" ಎಂದು ಹೇಳುತ್ತ ಹೇಳುತ್ತ ಮದರಬಿಗೆ ನಗೆಯೂ ಬಂತು, ಅಳುವೂ ಬಂತು. ಕೊನೆಯ ಗಂಟು ಬಿದ್ದಾಗ, "ಬಿಚ್ಚಿ ಹಾಕಲೇನು ಅತ್ತಿ, ಭಾಳ ಸೊಟ್ಟಾತು" ಎಂದಳು ಹುಡುಗಿ.

"ಮುಟ್ಟಿದ್ರ ನೋಡು ಮತ್ತ!" ಎಂದು ಗದರಿಸಿ ಮದರಬಿ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು.

ಆಪರೇಷನ್ನಾಗಿ ಎಂಟು ದಿನಕ್ಕೆ ಗಜೇಂದ್ರಗಡದಿಂದ ಫೋನು ಬಂತು. ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಮದರಬಿ ತನ್ನ ಕೌದಿಯ ಮೇಲೆ ಅಡ್ಡಾಗಿದ್ದಳು, ಫೋನು ಎತ್ತಿದವಳು ನಾಜಮೀನ. ಗಂಟು ಕಳಿಸುತ್ತೇವೆ, ಹೊಲಿದು ಬಸ್ಸಿಗೆ ಹಾಕಿ ಎಂದಿತು ಆಚೆಯ ದನಿ. ಇನ್ನು ಹೊಲಿಯುವುದಿಲ್ಲ ಎಂದು ಹೇಳು ಎನ್ನಲು ಮದರಬಿ ಬಾಯಿ ತೆರೆದಳು.

"ಹೊಲಿತೀನ್ರಿ," ಎಂದಳು ನಾಜಮೀನ. "ಆದ್ರ ಬಸ್ಸಿಗೆ ಹಾಕಂಗಿಲ್ಲ. ರೊಟ್ಟಿ ತಗೊಂಡು ನೀವ ಬರಬೇಕು."